ಹಸನಾದ ಹೊಲ

ಎಳ್ಳಮಾವಾಸ್ಯೆಯ ದಿನ ಬೀದರ್ ಪೇಟೆಗೆ ಪೇಟೆಯೇ ಹೊಲಕ್ಕೆ ಹೋಗಿರುತ್ತದೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದ ಗೆಳೆಯರ ಹೊಲಕ್ಕೆ. ಹಾಗೆ ಕರೆಸಿಕೊಂಡು ಹೋದವರಲ್ಲಿ ನಾನೂ ಒಬ್ಬ. ಔರಾದ್ ಕಡೆಯ ಎರೆಹೊಲ. ಎದೆಮಟ್ಟದ ಬಿಳಿಜೋಳ. ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮುಗಿದ ಮೇಲೆ ಮನೆಯ ಯಜಮಾನ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಕಲೆಸಿದ ಬುಟ್ಟಿ ಹಿಡಿದು ಹೊಲದ ಸುತ್ತ ಹೊರಟ. ಹಿಂದೆ ಒಬ್ಬ ಹುಡುಗ ತಂಬಿಗೆಯಿಂದ ಅಂಬಲಿ ಚಿಮುಕಿಸುತ್ತ ನಡೆದ. ಇದೇ ಚರಗ ಚೆಲ್ಲುವುದು. ಬದುವಿಗೆ ಒಂದು ಹಿಡಿ, ಬಾವಿಗೆ ಒಂದು ಹಿಡಿ, ಬೇವಿನ ಬುಡಕ್ಕೆ ಒಂದು ಹಿಡಿ. ಅವರು ಒಂದು ಸುತ್ತು ಬರುವಷ್ಟರಲ್ಲಿ ಕಾಗೆ, ಇರುವೆಗಳ ಊಟ ಶುರುವಾಗಿತ್ತು.

ಇಂಥದ್ದನ್ನು ಕಂಡಾಗ ನಮ್ಮ ಹಿರಿಯರು ಎಂಥ ಪ್ರಕೃತಿಪ್ರೇಮಿಗಳು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಇದೇ ಯಜಮಾನ ಜುಲೈ ತಿಂಗಳಲ್ಲಿ, ಇದೇ ಬದುವಿನ ಮೇಲೆ ನಿಂತು, ಕಳೆನಾಶಕ ಹೊಡೆಸಿದ ಸೋಯಾಬೀನ್ ಹೊಲವನ್ನು ಅಷ್ಟೇ ಅಭಿಮಾನದಿಂದ ತೋರಿಸಿದ್ದ: "ಹೊಲ ಹ್ಯಾಂಗ ಹಸನ್ ಆಗ್ಯಾದ ನೋಡ್ರಿ." ಡಿಸೆಂಬರಿನ ಚರಗಕ್ಕೂ ಜುಲೈನ ಔಷಧಕ್ಕೂ ಕೈ ಒಂದೇ. ಭಕ್ತಿಯೂ ಒಂದೇ ಅಂತ ನನ್ನ ಅನುಮಾನ.

ಮೌಲ್ಯ ಎಂಬುದು ಶಾಲೆಯ ಪಾಠದ ಪದ, ಹೊಲದಲ್ಲಿ ಯಾರೂ ಅದನ್ನು ಆಡುವುದಿಲ್ಲ. ಅಲ್ಲಿ ಕೇಳುವುದು ಹಸನು, ಛಲೋ, ಬರಕತ್ತು ಎಂಬ ಮಾತು. ಜೀವವೈವಿಧ್ಯ ಕುರಿತ ಅಂತರರಾಷ್ಟ್ರೀಯ ವಿಜ್ಞಾನ ವೇದಿಕೆಯಾದ ಐಪಿಬಿಇಎಸ್ 2022ರಲ್ಲಿ ಹೊರತಂದ ವರದಿ, 13,000ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಜನ ಪ್ರಕೃತಿಗೆ ಕೊಡುವ ಬೆಲೆಯನ್ನು ಮೂರು ಬಗೆಯಾಗಿ ನೋಡುತ್ತದೆ. ನಮಗೆ ಉಪಯೋಗಕ್ಕೆ ಬರುತ್ತದೆ ಎಂಬುದು ಒಂದು. ಯಾರಿಗೆ ಉಪಯೋಗವಿರಲಿ ಬಿಡಲಿ, ಅದರಷ್ಟಕ್ಕೆ ಅದು ಇರಬೇಕು ಎಂಬುದು ಇನ್ನೊಂದು. ಅದಕ್ಕೂ ನಮಗೂ ಒಂದು ನಂಟಿದೆ, ಆ ನಂಟು ಕೆಡಬಾರದು ಎಂಬುದು ಮೂರನೆಯದು. ಸರ್ಕಾರಗಳು ಬಹುಪಾಲು ಮೊದಲನೆಯದನ್ನೇ, ಅದರಲ್ಲೂ ಪೇಟೆಯ ದರವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ ಎಂಬುದು ವರದಿಯ ದೂರು. ಚರಗ ಮೂರನೆಯ ಬಗೆಗೆ ಸೇರುತ್ತದೆ. ಹಾಗಾದರೆ ಕಳೆನಾಶಕ ಹೊಡೆದ ಹೊಲದ ಅಭಿಮಾನ ಯಾವುದಕ್ಕೆ ಸೇರಬೇಕು? ಬರೀ ದುಡ್ಡಿನ ಲೆಕ್ಕ ಎಂದರೆ ಆ ಮುಖದ ಹಿಗ್ಗಿಗೆ ಅರ್ಥ ಸಿಗುವುದಿಲ್ಲ.

ಇದಕ್ಕೊಂದು ಸುಳಿವು ಇಂಗ್ಲೆಂಡಿನಿಂದ ಬಂದಿದೆ. ಸಂಶೋಧಕ ರಾಬ್ ಬರ್ಟನ್ 2004ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದು: ರೈತರು ಒಬ್ಬರ ಹೊಲವನ್ನು ಒಬ್ಬರು ರಸ್ತೆಯಿಂದಲೇ ಅಳೆಯುತ್ತಾರೆ. ಸಾಲು ನೆಟ್ಟಗಿದೆಯೇ, ಬೆಳೆ ಒಂದೇ ಸಮ ಎದ್ದಿದೆಯೇ, ಕಳೆ ಇದೆಯೇ, ಇಷ್ಟು ನೋಡಿ 'ಒಳ್ಳೆ ರೈತ' ಯಾರು ಎಂದು ತೀರ್ಮಾನವಾಗಿಬಿಡುತ್ತದೆ. ಹಕ್ಕಿಗಳಿಗಾಗಿ ಬದುವಿನ ಹುಲ್ಲು ಬಿಡಿ, ದುಡ್ಡು ಕೊಡುತ್ತೇವೆ ಎಂದು ಸರ್ಕಾರ ಹೇಳಿದರೂ ಮನಸ್ಸು ಒಗ್ಗುವುದು ಕಷ್ಟ. ದುಡ್ಡಿನ ಜೊತೆ 'ಇವನ ಹೊಲ ನೋಡು, ಸೋಮಾರಿ' ಎಂಬ ನೆರೆಯವರ ಮಾತೂ ಬರುತ್ತದಲ್ಲ. ಭಾಲ್ಕಿಯಿಂದ ಔರಾದಿನವರೆಗೆ ಬಸ್ಸಿನ ಕಿಟಕಿ ಪಕ್ಕ ರೈತರ ಜೊತೆ ಒಮ್ಮೆ ಕೂತು ನೋಡಿ. ದಾರಿಯುದ್ದಕ್ಕೂ ಆಚೀಚಿನ ಹೊಲಗಳಿಗೆ ಅಂಕ ಬೀಳುತ್ತಲೇ ಇರುತ್ತದೆ.

ಕಳೆ ತೆಗೆಯುವುದು ಮೊದಲು ಕೈಕೆಲಸ. ಎತ್ತು ಹೂಡಿ ಎಡೆ ಹೊಡೆದ ಮೇಲೆ ಉಳಿದ ಕಸವನ್ನು ಹೆಣ್ಣುಮಕ್ಕಳು ಖುರ್ಪಿ ಹಿಡಿದು ಕೂತು ತೆಗೆಯುತ್ತಿದ್ದರು. ತೆಗೆದದ್ದರಲ್ಲಿ ಅರ್ಧ ಕಸವಲ್ಲ. ಹತ್ತರಕಿ, ಕಿರಕಸಾಲಿ, ಗೋಳಿಪಲ್ಲೆ, ಕಾಡುರಾಜಗಿರಿ ಉಡಿಗೆ ಬಿದ್ದು ಸಂಜೆ ಒಲೆಯ ಮೇಲೇರುತ್ತಿದ್ದವು. ಉಳಿದದ್ದು ಎಮ್ಮೆಗೆ. ಹೊಲವೂ ಹಸನಾಯಿತು, ಪಲ್ಲೆಯೂ ಆಯಿತು. ಯಾರೂ ಬಿತ್ತದೆ, ಯಾರೂ ಮಾರದೆ ಬೆಳೆದ ಈ ಸೊಪ್ಪಿಗೆ ಯಾವ ಲೆಕ್ಕಪುಸ್ತಕದಲ್ಲೂ ಜಾಗವಿರಲಿಲ್ಲ. ಆದ್ದರಿಂದಲೇ ಅದು ಹೋದದ್ದೂ ಯಾವ ಲೆಕ್ಕದಲ್ಲೂ ಕಾಣಲಿಲ್ಲ.

ಈಗ ಬೀದರಿನ ಗಾಂಧಿ ಗಂಜ್ ಸುತ್ತಮುತ್ತ ಬೀಜ, ಗೊಬ್ಬರ, ಔಷಧದ ಅಂಗಡಿ ಸಾಲು. ಸೋಯಾಬೀನ್ ಹೊಲಕ್ಕೆ ಹೊಡೆಯುವ ಕಳೆನಾಶಕಗಳಲ್ಲಿ ಇಮಾಜೆಥಾಪಿರ್ ಮುಖ್ಯವಾದದ್ದು. ಗಿಡ ತನ್ನ ಪ್ರೋಟೀನಿಗೆ ಬೇಕಾದ ಮೂರು ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಒಂದು ಕಿಣ್ವವನ್ನು ಈ ರಾಸಾಯನಿಕ ಕಟ್ಟಿಹಾಕುತ್ತದೆ. ಸೋಯಾ ಗಿಡ ಆ ವಿಷವನ್ನು ಬೇಗ ಒಡೆದು ಅರಗಿಸಿಕೊಂಡು ಪಾರಾಗುತ್ತದೆ. ಹಾಗೆ ಒಡೆಯಲು ಬಾರದ ಗಿಡಗಳು ಬೆಳವಣಿಗೆ ನಿಂತು ಹಳದಿಯಾಗಿ ಸಾಯುತ್ತವೆ. ಕಳೆನಾಶಕಕ್ಕೆ ಪಲ್ಲೆ ಯಾವುದು, ಕಸ ಯಾವುದು ಗೊತ್ತಿಲ್ಲ. ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿಯಿದೆ. ಒಮ್ಮೆ ಇದನ್ನು ನೆಚ್ಚಿಕೊಂಡರೆ ಸೋಯಾ ನಡುವೆ ಜೋಳದ ಸಾಲು, ಸಜ್ಜೆಯ ಸಾಲು ಬಿಡುವಂತಿಲ್ಲ, ಹುಲ್ಲಿನ ಜಾತಿಯ ಅವೂ ಸುಡುತ್ತವೆ. ಔಷಧ ಬರೀ ಕಳೆಯನ್ನು ತೆಗೆಯುವುದಿಲ್ಲ, ಹೊಲದಲ್ಲಿ ಯಾರ ಪಕ್ಕ ಯಾರು ಕೂರಬೇಕು ಎಂಬುದನ್ನೂ ಅದೇ ಗೊತ್ತುಮಾಡುತ್ತದೆ.

ಸೋಯಾಬೀನನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ನೂರು ದಿನದ ಆಸುಪಾಸಿನಲ್ಲಿ ಕೈಗೆ ಬರುತ್ತದೆ, ಹಿಂಗಾರಿಗೆ ಕಡಲೆ ಬಿತ್ತಲು ಹೊಲ ಖಾಲಿ ಮಾಡಿಕೊಡುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ. ಕೂಲಿಯಾಳು ಸಿಗದ ಊರಲ್ಲಿ ಕಳೆನಾಶಕ ಬೇಡ ಎನ್ನಲು ನಾನ್ಯಾರು? ಖುರ್ಪಿ ಹಿಡಿದು ಬಿಸಿಲಲ್ಲಿ ಕೂತವರ ಸೊಂಟ ನನ್ನದಲ್ಲ.

ಆದರೂ ಹಳೆಯ ಮಿಶ್ರ ಬೆಳೆಯ ಹಿಂದೆ ಎಂಥ ಲೆಕ್ಕವಿತ್ತು ಎಂಬುದಕ್ಕೆ ತೊಗರಿಯನ್ನು ನೋಡಬೇಕು. ಬೀದರ್ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಕಬ್ಬಿಣ ಹೆಚ್ಚು. ಇಂಥ ನೆಲದಲ್ಲಿ ರಂಜಕ ಇದ್ದರೂ ಕಬ್ಬಿಣಕ್ಕೆ ಅಂಟಿಕೊಂಡು, ಬೆಳೆಯ ಕೈಗೆ ಎಟಕುವುದಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನೊರಿಹಾರು ಆಯೆ ಮತ್ತು ಜೊತೆಗಾರರು 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ, ತೊಗರಿಯ ಬೇರು ಪಿಸಿಡಿಕ್ ಎಂಬ ಆಮ್ಲವನ್ನು ಒಸರಿ, ಕಬ್ಬಿಣದ ಹಿಡಿತದಿಂದ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಉದುರಿದ ಎಲೆಯ ಮೂಲಕ ಅದರ ಒಂದಂಶ ಮುಂದಿನ ಬೆಳೆಗೂ ದಕ್ಕುತ್ತದೆ. ಪಿಸಿಡಿಕ್ ಆಮ್ಲದ ಹೆಸರು ಕೇಳದ ಒಕ್ಕಲಿಗನಿಗೂ ತೊಗರಿ ಹಾಕಿದ ಹೊಲಕ್ಕೆ ಬರಕತ್ತು ಎಂಬುದು ಗೊತ್ತಿತ್ತು.

ಜೋಳದ ಕತೆ ಇನ್ನೂ ಸ್ವಾರಸ್ಯದ್ದು. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್ಎಚ್-1 ಬಂತು. ಗಿಡ ಗಿಡ್ಡ, ತೆನೆ ಭಾರ. ಮುಂಗಾರಿನಲ್ಲಿ ಇಂಥ ಹೈಬ್ರಿಡ್‌ಗಳು ಹಬ್ಬಿದವು. ಹಿಂಗಾರಿನಲ್ಲಿ ಮಾತ್ರ, 1930ರ ದಶಕದಲ್ಲಿ ಮಹಾರಾಷ್ಟ್ರದ ಮೊಹೋಳದಲ್ಲಿ ನಾಟಿ ಜೋಳದಿಂದ ಆರಿಸಿದ ಎಂ 35-1, ಅಂದರೆ ಮಾಲ್ದಂಡಿ, ಇವತ್ತಿಗೂ ಜಾಗ ಬಿಟ್ಟುಕೊಟ್ಟಿಲ್ಲ. ಬರ ತಡೆಯುವ ಗುಣ ಒಂದು ಕಾರಣ. ಆದರೆ ವಿಜ್ಞಾನಿಗಳು ಕ್ವಿಂಟಲ್ ಎಣಿಸುತ್ತಿದ್ದಾಗ ರೈತರು ಬೇರೆ ಎರಡನ್ನು ಎಣಿಸುತ್ತಿದ್ದರು. ರೊಟ್ಟಿ ಬಿಳಿ ಇದ್ದು, ಹರಿಯದೆ ತಟ್ಟಲು ಬರಬೇಕು. ಕಣಿಕೆ ಉದ್ದ ಇದ್ದು, ಎತ್ತು ಚಪ್ಪರಿಸಿ ತಿನ್ನಬೇಕು. ಒಂದು ತಳಿ ಎಂಬತ್ತು ವರ್ಷ ದಾಟಿ ಉಳಿದದ್ದರಲ್ಲಿ ಅಡುಗೆಮನೆ ಮತ್ತು ದನದ ಕೊಟ್ಟಿಗೆಯ ಪಾಲು ದೊಡ್ಡದು.

ಆ ಕೊಟ್ಟಿಗೆಯಲ್ಲಿ ನಿಂತದ್ದು ದೇವಣಿ ತಳಿಯ ದನ. ಲಾತೂರ್ ಜಿಲ್ಲೆಯ ದೇವಣಿಯಿಂದ ಹೆಸರು ಬಂದರೂ ಗಡಿಯಾಚೆ ಭಾಲ್ಕಿ, ಔರಾದ್ ಕೂಡ ಅದರ ತವರೇ. ಪೂರ್ತಿ ಬಿಳಿಯದು ಬಾಲಂಕ್ಯಾ, ಬಿಳಿ ಮೈಗೆ ಕರಿ ಮುಖದ್ದು ವಾನ್ನೇರಾ, ಕರಿ ಮಚ್ಚೆಗಳದ್ದು ವಾಘ್ಯಾ. ಆಕಳು ಹಾಲಿಗೂ ಆಗುತ್ತದೆ, ಹೋರಿ ನೇಗಿಲಿಗೂ ಆಗುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಈ ತಳಿಯ ಮೇಲೆ ಕೆಲಸ ಮಾಡುತ್ತಿದೆ. ಆದರೆ ವಿಶ್ವವಿದ್ಯಾಲಯ ಉಳಿಸಬಹುದಾದದ್ದು ಒಂದು ಹಿಂಡನ್ನು. ತಳಿಯನ್ನು ಇಷ್ಟು ದಿನ ಉಳಿಸಿದ್ದು ಕಾರಹುಣ್ಣಿಮೆಗೆ ಜೋಡಿಗೆ ಬಣ್ಣ ಹಚ್ಚಿ ಊರ ಮುಂದೆ ಮೆರೆಸುವ ಹಂಬಲ. ಟ್ರ್ಯಾಕ್ಟರ್ ಬಂದು ಎತ್ತಿನ ಕೆಲಸ ಕಸಿದಾಗ, ಸೋಯಾ ಬಂದು ಕಣಿಕೆ ಕಡಿಮೆಯಾದಾಗ, ತಿಪ್ಪೆಯೂ ಸಣ್ಣದಾಯಿತು. ಜೋಳ, ಎತ್ತು, ಗೊಬ್ಬರ, ಹೊಲ ಎಂಬ ಸರಪಳಿಯ ಒಂದೇ ಕೊಂಡಿ ಕಳಚಿದರೂ ಉಳಿದವು ಸಡಿಲವಾಗುತ್ತವೆ.

ನಂಟಿನ ಮಾತಿಗೂ ಮಿತಿಯಿದೆ ಎಂದು ಕಲಿಸಿದ್ದು ಕೃಷ್ಣಮೃಗ. ಈ ಭಾಗದ ಬಯಲಲ್ಲಿ ಅವುಗಳ ಹಿಂಡುಗಳಿವೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಕೊಲ್ಲುವಂತಿಲ್ಲ. ಅವು ಮೇಯಬೇಕಾದ ಗಾಯರಾಣ ಹುಲ್ಲುಗಾವಲುಗಳಿಗೆ ಸರ್ಕಾರಿ ಕಡತದಲ್ಲಿ ಬಹಳ ಕಾಲ ಇದ್ದ ಹೆಸರು ಪಾಳುಭೂಮಿ. ಪಾಳು ಎಂದ ಮೇಲೆ ಸಾಗುವಳಿಯಾಗಲು ತಡವೇಕೆ? ಹುಲ್ಲು ಹೋದ ಮೇಲೆ ಹಿಂಡು ಎಳೆ ಸೋಯಾಕ್ಕೆ, ಕಡಲೆಗೆ ನುಗ್ಗುತ್ತದೆ. ಚರಗದಲ್ಲಿ ಹಕ್ಕಿಗೆ ಹಿಡಿ ಅನ್ನ ಚೆಲ್ಲುವ ಕೈ ಇಲ್ಲಿ ಹಳೆಯ ಸೀರೆಗಳ ಬೇಲಿ ಕಟ್ಟುತ್ತದೆ. ಇದು ಕಪಟವಲ್ಲ. ಅಲ್ಲಿ ಎಷ್ಟು ಕೊಡಬೇಕೆಂದು ತೀರ್ಮಾನಿಸಿದವನು ರೈತ. ಇಲ್ಲಿ ತೀರ್ಮಾನ ಬೇರೆಯವರದು, ನಷ್ಟ ಮಾತ್ರ ಅವನದು.

ಬೀದರಿನಿಂದ ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಅಲ್ಲಿ ಮೈಸೂರು ಮೂಲದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಸಂಘದ ಮಹಿಳೆಯರಲ್ಲಿ ಹೆಚ್ಚಿನವರು ದಲಿತರು, ತುಂಡು ಹೊಲದವರು. ರೇಷನ್ ಅಕ್ಕಿ ಬಂದ ಮೇಲೆ ಬೀಳುಬಿದ್ದಿದ್ದ ಹೊಲಗಳಲ್ಲಿ ಮತ್ತೆ ಜೋಳ ಎಬ್ಬಿಸಿ, ಊರಲ್ಲೇ ಕೂಡಿಟ್ಟು, ಬಡವರಿಗೆ ಹಂಚುವ ಏರ್ಪಾಟನ್ನು ಅವರೇ ನಡೆಸಿದರು. ಒಂದೇ ಎಕರೆಯಲ್ಲಿ ಹತ್ತಾರು ಬೆಳೆ, ಮನೆಯಲ್ಲಿ ಬೂದಿ ಬೆರೆಸಿ ಇಟ್ಟ ಬೀಜ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಸ್ಥೆಗೆ ಬಂತು. ನನಗೆ ಮುಖ್ಯವೆನಿಸಿದ್ದು ಬೇರೆ. ಅಲ್ಲಿ ಹೊಲಕ್ಕೆ ಅಂಕ ಕೊಡುವವರು ಬದಲಾದರು. ರಸ್ತೆಯಲ್ಲಿ ಹಾದುಹೋಗುವ ಗಂಡಸರ ಬದಲು, ಉಡಿ ಕಟ್ಟಿಕೊಂಡು ಸಾಲಿನ ನಡುವೆ ಕೂತ ಹೆಂಗಸರು. ಅವರ ಕಣ್ಣಿಗೆ ಗೋಳಿಪಲ್ಲೆ ಇದ್ದ ಹೊಲವೇ ಹಸನು.

ಔರಾದಿನ ಹೊಲದಲ್ಲಿ ಊಟಕ್ಕೆ ಕೂತಾಗ ಭಜ್ಜಿಯ ಮಾತು ಬಂತು. ಎಳ್ಳಮಾವಾಸ್ಯೆಯ ಭಜ್ಜಿ ಎಂದರೆ ಆ ಕಾಲಕ್ಕೆ ಹೊಲದಲ್ಲಿ ಸಿಗುವ ಹಸಿ ಕಾಳು, ಸೊಪ್ಪು ಎಲ್ಲವನ್ನೂ ಹುಣಸೆರಸ, ಕಡಲೆಹಿಟ್ಟಿನಲ್ಲಿ ಕುದಿಸಿದ್ದು. ಮನೆಯಾಕೆ ಬಡಿಸುತ್ತಲೇ ಎಣಿಸಿದಳು. ತೊಗರಿ ನಮ್ಮ ಹೊಲದ್ದು, ಹಸಿ ಕಡಲೆ ನಮ್ಮದು. ಅವರೆ, ಬಟಾಣಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಎಲ್ಲ ಸಂತೆಯದು, ಈ ಸಲ ದರವೂ ಜಾಸ್ತಿ. ಪುಂಡಿ? ಅದು ಬದುವಿನದು. ಔಷಧ ಹೊಡೆಯುವ ಹುಡುಗನಿಗೆ ಆ ಒಂದು ಸಾಲು ಬಿಡು ಅಂತ ನಾನೇ ನಿಂತು ಹೇಳಿಸಿದ್ದೆ, ಅಂದಳು. ಯಜಮಾನ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ.