ಕಡಲಾಳದ ಪ್ರತಿಧ್ವನಿ

ಮಲ್ಪೆಯ ಮೀನುಗಾರಿಕಾ ಬೋಟಿನ ತಳದಲ್ಲಿ ಅಳವಡಿಸಿದ ಪುಟ್ಟ ಉಪಕರಣವೊಂದು, ಮನುಷ್ಯನ ಕಿವಿಗೆ ನಿಲುಕದಷ್ಟು ಉಚ್ಚ ಕಂಪನದ ಶಬ್ದವನ್ನು ಕ್ಷಣಮಾತ್ರ ಕೆಳಕ್ಕೆ ಕಳುಹಿಸಿ, ಅದು ಕಡಲತಳವನ್ನು ತಾಗಿ ಮರಳುವುದನ್ನೇ ಕಾದಿರುತ್ತದೆ. ಸಮುದ್ರಜಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಪ್ರತಿಧ್ವನಿಯು 0.1 ಸೆಕೆಂಡಿನಲ್ಲಿ ಹಿಂದಿರುಗಿತೆಂದರೆ, ಹೋದದ್ದೂ ಬಂದದ್ದೂ ಕೂಡಿ 150 ಮೀಟರಾದುದರಿಂದ, ಆಳವು 75 ಮೀಟರೆಂದಾಯಿತು. ಇದು ಸರಳ ಗಣಿತ. ಪರಮಾಶ್ಚರ್ಯಕರವಾದುದು ಮೀನಿನ ಸಂಗತಿ. ಬೂತಾಯಿ ಮೀನಿನ ಮಾಂಸವು ಬಹುಮಟ್ಟಿಗೆ ನೀರಿನಂತೆಯೇ ಇರುವುದರಿಂದ ಶಬ್ದವನ್ನು ಅಷ್ಟಾಗಿ ತಡೆಯದು. ಆದರೆ ಅದರ ಒಡಲಿನಲ್ಲಿ ಅದನ್ನು ತೇಲಿಸುವ ಗಾಳಿಚೀಲವೊಂದುಂಟಷ್ಟೆ, ಆ ಗಾಳಿಯೇ ಶಬ್ದವನ್ನು ಬಲವಾಗಿ ಹಿಮ್ಮೆಟ್ಟಿಸಿ, ಉಪಕರಣದ ಪರದೆಯಲ್ಲಿ ಕಡಲತಳದ ರೇಖೆಗಿಂತ ಮೇಲೆ, ದಟ್ಟವಾದ ಕಲೆಯ ರೂಪದಲ್ಲಿ, ಇಡೀ ಹಿಂಡನ್ನೇ ತೋರಿಸಿಕೊಡುತ್ತದೆ. ಗಾಳಿಚೀಲವೇ ಇಲ್ಲದ ಶಾರ್ಕಿನ ಪ್ರತಿಧ್ವನಿಯಾದರೋ ಗಾತ್ರಕ್ಕೆ ಹೋಲಿಸಿದರೆ ಬಹಳ ಕ್ಷೀಣ.