ಲೆಕ್ಕ ಒಪ್ಪಿಸುವ ತಂತ್ರಾಂಶ

ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಸಂಸ್ಥೆಯ ಫಿನಾಕಲ್ ತಂತ್ರಾಂಶವು ಅನೇಕ ಬ್ಯಾಂಕುಗಳ ನಿತ್ಯದ ಜಮಾಖರ್ಚನ್ನು ನಿರ್ವಹಿಸುತ್ತಿರುವುದು ಬಹುಜನವಿದಿತವೇ. ಆದರೆ ಆ ಲೆಕ್ಕವನ್ನು ನಿಯಂತ್ರಕರಿಗೆ ಒಪ್ಪಿಸುವ ತಂತ್ರಾಂಶದ ನಿರ್ಮಾಣವೂ ಅಷ್ಟೇ ಗಹನವಾದ ಕಾರ್ಯವೆಂಬುದು ಜನರ ಲಕ್ಷ್ಯಕ್ಕೆ ಬಂದಿರುವುದು ವಿರಳ.

1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 42ನೆಯ ಕಲಮಿನಂತೆ ಅನುಸೂಚಿತ ಬ್ಯಾಂಕುಗಳು ಠೇವಣಿ ಮೊದಲಾದ ತಮ್ಮ ಹೊಣೆಗಳ ವಿವರವನ್ನು ಪಕ್ಷಕ್ಕೊಮ್ಮೆ ಸಲ್ಲಿಸತಕ್ಕದ್ದು; ಇರಿಸಬೇಕಾದ ನಗದು ಮೀಸಲು ನಿರ್ಣಯವಾಗುವುದು ಆ ಹೊಣೆಗಳ ಮೇಲೆಯೇ. ಶಾಖೆಗಳಿಂದ ಬಂದ ಹಾಳೆಗಳನ್ನು ಗುಮಾಸ್ತರು ಕೂಡಿಸುತ್ತಿದ್ದ ಕಾಲವೊಂದಿತ್ತು. ಮೂಲ ಲೆಕ್ಕದಿಂದಲೇ, ನಡುವೆ ಮನುಷ್ಯರ ಕೈ ತಾಗದೆ, ವರದಿಯು ಹರಿದುಬರಬೇಕೆಂಬ ವಿಧಾನವನ್ನು ರಿಸರ್ವ್ ಬ್ಯಾಂಕು 2010ರಲ್ಲಿ ಮುಂದಿಟ್ಟಿತು.

ಕಷ್ಟವಿರುವುದು ನಿಯಮವನ್ನು ಯಂತ್ರಕ್ಕೆ ತಿಳಿಯಪಡಿಸುವುದರಲ್ಲಿ. ಸಾಲದ ಕಂತು 90 ದಿನ ಮೀರಿ ಬಾಕಿಯುಳಿದರೆ ಆ ಸಾಲ ಅನುತ್ಪಾದಕವೆಂಬುದು ಸರಳವಾಗಿಯೇ ತೋರುತ್ತದೆ. ಆದರೆ ಬೆಳೆಸಾಲಕ್ಕೆ ಎಣಿಕೆ ದಿನಗಳದ್ದಲ್ಲ, ಹಂಗಾಮಿನದು. ಒಬ್ಬ ಸಾಲಗಾರನ ಒಂದು ಸಾಲ ಕೆಟ್ಟರೆ ಅದೇ ಬ್ಯಾಂಕಿನಲ್ಲಿರುವ ಅವನ ಉಳಿದ ಸಾಲಗಳೂ ಸಾಮಾನ್ಯವಾಗಿ ಅದೇ ವರ್ಗಕ್ಕೆ ಸೇರುವವು. ಆದಕಾರಣ, ಸುತ್ತೋಲೆಯನ್ನು ವಕೀಲನಂತೆ ಓದಬಲ್ಲ ಎಂಜಿನಿಯರನೇ ಇಲ್ಲಿ ನಿಜವಾಗಿ ಬೇಕಾದವನೆಂದು ನನ್ನ ದೃಢವಾದ ಅಭಿಪ್ರಾಯ. ವರದಿಯ ಪ್ರತಿಯೊಂದು ಅಂಕಿಯೂ ಯಾವ ಖಾತೆಯಿಂದ, ಯಾವ ನಿಯಮದಂತೆ ಬಂದಿತೆಂಬುದನ್ನು ಆತನ ತಂತ್ರಾಂಶವು ಪರಿಶೋಧಕರಿಗೆ ತೋರಿಸಿಕೊಡುವಂತಿರಬೇಕು.