ಏಡಿ ಬಿಡಿಸುವವರಿಗೂ ಅರವತ್ತು ದಿನ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿದ್ದ ದಿನಗಳಲ್ಲಿ ಒಮ್ಮೆ ಚೆಸಾಪೀಕ್ ಕೊಲ್ಲಿಯ ಹೂಪರ್ಸ್ ದ್ವೀಪಕ್ಕೆ ಹೋಗಿದ್ದೆ. ಬೇಯಿಸಿದ ಏಡಿಗಳ ರಾಶಿಯ ಮುಂದೆ ಕುಳಿತ ಮೆಕ್ಸಿಕೊದ ಮಹಿಳೆಯರು ಸಣ್ಣ ಚಾಕುವಿನಿಂದ ಚಿಪ್ಪು ಬಿಡಿಸಿ ಮಾಂಸವನ್ನು ಡಬ್ಬಿಗೆ ತುಂಬುತ್ತಿದ್ದರು. ವಸಂತದಲ್ಲಿ ಬಂದು ಚಳಿಗೆ ಮುನ್ನ ಊರಿಗೆ ಮರಳುವವರು. ಅವರದು ಎಚ್-2ಬಿ ವೀಸಾ. ಅವರೂ ನಾನೂ ತಾತ್ಕಾಲಿಕವಾಗಿ ಬಂದವರೇ. ಆದರೆ ಎರಡು ವೀಸಾಗಳ ನಡುವಿನ ಅಂತರ ಎಷ್ಟೆಂಬುದು ಅಂದು ನನಗೆ ತಿಳಿದಿರಲಿಲ್ಲ.

ಕೃಷಿಯೇತರ ಹಂಗಾಮಿನ ಕೆಲಸಗಳಿಗೆ ಮೀಸಲಾದ ಈ ವೀಸಾಕ್ಕೆ ವರ್ಷಕ್ಕೆ 66,000ದ ಮಿತಿಯಿದೆ. ಆರು ತಿಂಗಳಿಗೆ 33,000ದಂತೆ ಹಂಚಿಕೆ. 2018ರಲ್ಲಿ ಅರ್ಜಿಗಳು ಮಿತಿ ಮೀರಿ ಲಾಟರಿ ಎತ್ತಿದಾಗ ಮೇರಿಲ್ಯಾಂಡಿನ ಹಲವು ಏಡಿ ಸಂಸ್ಕರಣಾ ಘಟಕಗಳಿಗೆ ಕೆಲಸಗಾರರೇ ದೊರೆಯಲಿಲ್ಲ. 2023ರಿಂದ 2025ರವರೆಗಿನ ಹಣಕಾಸು ವರ್ಷಗಳಲ್ಲಿ ಸರ್ಕಾರ ತಲಾ 64,716 ಹೆಚ್ಚುವರಿ ವೀಸಾಗಳನ್ನು ಒದಗಿಸಿತು. ಮಾಲೀಕರಿಗೆ ಹೆಚ್ಚು ಬೇಕು, ವಿರೋಧಿಗಳಿಗೆ ಕಡಿಮೆಯಾಗಬೇಕು. ವಾಷಿಂಗ್ಟನ್ನಿನ ವಾದವೆಲ್ಲ ಈ ಲೆಕ್ಕದ ಸುತ್ತಲೇ.

ನನ್ನ ದೃಷ್ಟಿಯಲ್ಲಿ ಲೆಕ್ಕಕ್ಕಿಂತ ಮುಖ್ಯವಾದ ಬದಲಾವಣೆ 2025ರ ಜನವರಿ 17ರಂದು ಜಾರಿಗೆ ಬಂದ ನಿಯಮದಲ್ಲಿದೆ. ಎಚ್-2 ವೀಸಾದವರು ಕೆಲಸ ಕಳೆದುಕೊಂಡರೆ, ವೀಸಾ ಅವಧಿಯೊಳಗೆ, 60 ದಿನ ದೇಶದಲ್ಲಿದ್ದು ಬೇರೆ ಮಾಲೀಕನನ್ನು ಹುಡುಕಬಹುದು. ಹೊಸ ಮಾಲೀಕ ಅರ್ಜಿ ಸಲ್ಲಿಸಿದೊಡನೆ, ಮಂಜೂರಾತಿಗೆ ಕಾಯದೆ, ದುಡಿಮೆ ಆರಂಭಿಸಬಹುದು. ಅದಕ್ಕೂ ಮೊದಲು ಇಂಥ ಸೌಲಭ್ಯ ಆಗೊಮ್ಮೆ ಈಗೊಮ್ಮೆ ತಾತ್ಕಾಲಿಕ ವಿನಾಯಿತಿಯಾಗಿ ಸಿಗುತ್ತಿತ್ತು.

ಎಚ್-1ಬಿಯ ನಮಗೆ ಮಾಲೀಕನನ್ನು ಬದಲಿಸುವ ಈ ಅವಕಾಶ 2000ದಲ್ಲೇ, 60 ದಿನಗಳ ಅವಧಿ 2017ರಲ್ಲೇ ದೊರೆತಿತ್ತು. ಅದರ ಬೆಲೆಯನ್ನು ನಾನು ಬಲ್ಲೆ. ನನ್ನ ಕಂಪನಿ ಒಂದು ಬೆಳಿಗ್ಗೆ ನಮ್ಮ ತಂಡವನ್ನೇ ಮನೆಗೆ ಕಳುಹಿಸಿದಾಗ, ಮಗಳ ಶಾಲೆ ಬಿಡಿಸದೆ, ಮನೆಯ ಸಾಮಾನು ಕಟ್ಟದೆ ಇನ್ನೊಂದು ನೌಕರಿ ಹಿಡಿಯುವಷ್ಟು ಕಾಲಾವಕಾಶ ಕೊಟ್ಟದ್ದು ಆ ದಿನಗಳೇ. ಉಳಿತಾಯವಿದ್ದ ಎಂಜಿನಿಯರನಿಗೆ ಸಿಕ್ಕಿದ್ದು, ಸಾಲ ಮಾಡಿ ಬರುವ ಕೂಲಿಯಾಳಿಗೆ ಅಷ್ಟು ವರ್ಷ ಸಿಗಲಿಲ್ಲ.

ಹಂಗಾಮಿನ ನಡುವೆ ಆಳು ಬಿಟ್ಟುಹೋದರೆ, ಖರ್ಚು ಮಾಡಿ ಕರೆಸಿಕೊಂಡವನ ಗತಿಯೇನು ಎಂದು ಮಾಲೀಕರು ಕೇಳುತ್ತಾರೆ. ಪ್ರಶ್ನೆ ಅನ್ಯಾಯದ್ದಲ್ಲ. ಆದರೆ ಬಿಟ್ಟುಹೋಗುವ ದಾರಿಯೇ ಇಲ್ಲದವನು ಕೂಲಿ ಕಡಿತವನ್ನೂ ಬೈಗುಳವನ್ನೂ ಬಾಯಿ ಮುಚ್ಚಿ ಸಹಿಸಬೇಕಾಗುತ್ತದೆ. ದಲ್ಲಾಳಿಗೆ ಕೊಟ್ಟ ಹಣದ ಬಡ್ಡಿ ಊರಿನಲ್ಲಿ ಬೆಳೆಯುತ್ತಿರುವಾಗ ದೂರು ಕೊಡುವ ಧೈರ್ಯ ಯಾರಿಗಿದ್ದೀತು? ನಿಷಿದ್ಧ ಶುಲ್ಕ ವಸೂಲಿ ಮಾಡಿದ ಮಾಲೀಕರ ಅರ್ಜಿಯನ್ನು ತಿರಸ್ಕರಿಸುವ ಕಟ್ಟುಪಾಡನ್ನು ಅದೇ ನಿಯಮ ಬಿಗಿಗೊಳಿಸಿರುವುದು ಅದಕ್ಕಾಗಿಯೇ.

ಇಷ್ಟಾದರೂ ಕಾಗದದ ಹಕ್ಕು ತಾನಾಗಿ ಕೈಗೆ ಬರುವುದಿಲ್ಲ. ಕೆಲವೇ ಏಡಿ ಘಟಕಗಳಿರುವ ದ್ವೀಪದಲ್ಲಿ, ಇಂಗ್ಲಿಷ್ ಬಾರದ, ಮಾಲೀಕನೇ ಕೊಟ್ಟ ಕೋಣೆಯಲ್ಲಿ ವಾಸಿಸುವ ಮಹಿಳೆ ಎರಡನೆಯ ಮಾಲೀಕನನ್ನು ಎಲ್ಲಿ ಹುಡುಕಬೇಕು? ವೀಸಾ ನೀಡುವಾಗಲೇ ಈ ಹಕ್ಕನ್ನು ಅವಳ ಭಾಷೆಯಲ್ಲಿ ತಿಳಿಸಬೇಕು. ಬೇಡಿಕೆಯಿರುವ ಮಾಲೀಕರ ಪಟ್ಟಿಯನ್ನೂ ಕೊಡಬೇಕು. ಆಗ ಮಾತ್ರ ನನ್ನನ್ನು ಉಳಿಸಿದ ಆ ಅರವತ್ತು ದಿನಗಳು ಅವಳವೂ ಆದಾವು.